ಅಕ್ಷರಸಾಲಿನಲ್ಲಿ ಸಿಕ್ಕ ಕಿಣ್ವಗಳು

ತೊಗರಿ ಬೇಳೆಯಲ್ಲಿ ಕೇಸರಿ ಬೇಳೆ ಬೆರೆತಿದೆಯೇ ಎಂದು ನೋಡಬೇಕಾದರೆ ಒಂದು ಹಿಡಿ ಬೇಳೆಯನ್ನು ಅಂಗೈಯಲ್ಲಿ ಹರಡಬೇಕು. ತೊಗರಿಯದು ದುಂಡನೆಯ ಅಂಚು. ಕೇಸರಿ ಬೇಳೆ ಒಂದು ಬದಿ ಓರೆಯಾಗಿ ಕೊಯ್ದ ಹಾಗೆ, ಮೂಲೆಮೂಲೆಯಾಗಿರುತ್ತದೆ. ಖಾನಾಪುರ ತಾಲ್ಲೂಕಿನ ಪಾರಿಶ್ವಾಡದ ಕಿರಾಣಿ ಅಂಗಡಿಯಲ್ಲಾದರೂ ಸರಿ, ಬೆಳಗಾವಿಯ ರವಿವಾರ ಪೇಟೆಯ ಸಗಟು ಮಳಿಗೆಯಲ್ಲಾದರೂ ಸರಿ, ಗಿರಾಕಿಗೆ ಕಣ್ಣೇ ಮೊದಲ ಪರೀಕ್ಷೆ. ಕೇಸರಿ ಬೇಳೆಯೊಳಗಿನ ವಿಷ ಮಾತ್ರ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಯಾವುದೆಂದು ಗೊತ್ತಾದದ್ದು 1964ರಲ್ಲಿ.

ಕೇಸರಿ ಬೇಳೆ ಬರಗಾಲದ ಬೆಳೆ. ಮಳೆ ಕೈಕೊಟ್ಟರೂ ಬರುತ್ತದೆ, ಹೊಲದಲ್ಲಿ ನೀರು ನಿಂತರೂ ಬರುತ್ತದೆ. ಮಧ್ಯಪ್ರದೇಶ, ಬಿಹಾರಗಳ ಬಡ ಕೂಲಿಗಳು ಬೇರೇನೂ ಸಿಗದೆ ತಿಂಗಳುಗಟ್ಟಲೆ ಅದನ್ನೇ ತಿಂದು ಕಾಲುಗಳ ಸ್ವಾಧೀನ ಕಳೆದುಕೊಳ್ಳುತ್ತಿದ್ದರು. 1961ರಲ್ಲಿ ಕೇಂದ್ರ ಸರ್ಕಾರ ಅದರ ಮಾರಾಟಕ್ಕೆ ನಿಷೇಧ ತಂದಿತು. ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ, ಪಿ.ಎಸ್. ಶರ್ಮಾ ಈ ಮೂವರು ಆ ವಿಷವನ್ನು ಬೀಜದಿಂದ ಬೇರ್ಪಡಿಸಿ ಅದರ ರಚನೆಯನ್ನು 1964ರಲ್ಲಿ ಪ್ರಕಟಿಸಿದರು. ದೆಹಲಿಯಲ್ಲಿ ಟಿ.ಆರ್. ಶೇಷಾದ್ರಿಯವರ ತಂಡವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಉತ್ತರಕ್ಕೆ ಬಂದಿತ್ತು. ವಿಷವಸ್ತು ಒಂದು ಅಮೈನೋ ಆಮ್ಲ. ಆದರೆ ನಮ್ಮ ಪ್ರೋಟೀನುಗಳಲ್ಲಿರುವ ಇಪ್ಪತ್ತರಲ್ಲಿ ಒಂದಲ್ಲ. ಡೈಅಮೈನೋಪ್ರೊಪಿಯಾನಿಕ್ ಆಮ್ಲ ಎಂಬುದಕ್ಕೆ ಆಕ್ಸಾಲಿಕ್ ಆಮ್ಲದ ತುಣುಕೊಂದು ಅಂಟಿಕೊಂಡು ಆದದ್ದು.

ಆ ಡೈಅಮೈನೋಪ್ರೊಪಿಯಾನಿಕ್ ಆಮ್ಲವನ್ನೇ ತಿಂದು ಅರಗಿಸಿಕೊಳ್ಳುವ ಬ್ಯಾಕ್ಟೀರಿಯಾಗಳಿವೆ. ಅರಗಿಸುವುದು ಯಾವ ಕಿಣ್ವ, ಅದರ ಜೀನ್ ಯಾವುದು ಎಂಬ ಪ್ರಶ್ನೆಗೆ ಅದೇ ಬೆಂಗಳೂರಿನ ಸಂಸ್ಥೆಯಿಂದ ಪೂರ್ತಿ ಉತ್ತರ ಬರುವ ಹೊತ್ತಿಗೆ ಸುಮಾರು ನಲವತ್ತು ವರ್ಷ ದಾಟಿತ್ತು. ಅಷ್ಟರಲ್ಲಿ ಉತ್ತರ ಹುಡುಕುವ ರೀತಿಯೇ ಬದಲಾಗಿತ್ತು. ಬೀಕರು, ಸೋಸುಕಾಗದಗಳಿಂದ ಶುರುವಾದ ಕೆಲಸ ಅಕ್ಷರಗಳ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ಹೋಲಿಸುವುದಕ್ಕೆ ಬಂದು ನಿಂತಿತ್ತು. ಆ ಬದಲಾವಣೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಕನ್ನಡದಲ್ಲಿ ಅದರ ಬಗ್ಗೆ ಬರೆದದ್ದು ಮಾತ್ರ ಕಡಿಮೆ.

ಹೊರಜಗತ್ತಿನಲ್ಲಿ ಈ ಕಥೆ ಶುರುವಾದದ್ದು ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವುವುದರಿಂದ. ನಮ್ಮ ಕರುಳಿನಲ್ಲೇ ಇರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಒಂದಿಷ್ಟು ಸಕ್ಕರೆ, ಅಮೋನಿಯಾ, ನಾಲ್ಕಾರು ಲವಣ ಕೊಟ್ಟರೆ ಸಾಕು, ಇಪ್ಪತ್ತೂ ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯರಿಗೆ ಆ ಸಾಮರ್ಥ್ಯವಿಲ್ಲ. ಒಂಬತ್ತನ್ನು ಊಟದಿಂದಲೇ ಪಡೆಯಬೇಕು. 1941ರಲ್ಲಿ ಬೀಡಲ್ ಮತ್ತು ಟೇಟಮ್ ಬ್ರೆಡ್ಡಿನ ಬೂಷ್ಟಿನಲ್ಲಿ ಜೀನ್ ಕೆಟ್ಟರೆ ಕಿಣ್ವ ಕೆಡುತ್ತದೆ ಎಂದು ತೋರಿಸಿದ ಮೇಲೆ, ಬ್ಯಾಕ್ಟೀರಿಯಾದಲ್ಲೂ ಅಂಥ ಕೆಟ್ಟ ತಳಿಗಳನ್ನು ಹುಡುಕುವ ಕೆಲಸ ಶುರುವಾಯಿತು. ಕೋಟಿಗಟ್ಟಲೆ ಜೀವಕೋಶಗಳಲ್ಲಿ ಆರ್ಜಿನಿನ್ ಮಾಡಲಾರದ ಒಂದೆರಡನ್ನು ಹೆಕ್ಕುವುದು ಹೇಗೆ? 1948ರಲ್ಲಿ ಬರ್ನಾರ್ಡ್ ಡೇವಿಸ್ ಒಂದು ಕಡೆ, ಲೆಡರ್‌ಬರ್ಗ್ ಮತ್ತು ಜಿಂಡರ್ ಇನ್ನೊಂದು ಕಡೆ ಒಂದೇ ಯುಕ್ತಿ ಕಂಡುಕೊಂಡರು. ಪೆನಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ ಕೋಶಗಳನ್ನು ಮಾತ್ರ. ಆರ್ಜಿನಿನ್ ಇಲ್ಲದ ದ್ರಾವಣದಲ್ಲಿ ಪೆನಿಸಿಲಿನ್ ಹಾಕಿದರೆ ಗಟ್ಟಿಗರೆಲ್ಲ ಬೆಳೆಯಲು ಹೋಗಿ ಸಾಯುತ್ತಾರೆ, ಬೆಳೆಯಲಾರದ ನಿತ್ರಾಣಿ ಬದುಕಿ ಉಳಿಯುತ್ತದೆ. ಜೀವಶಾಸ್ತ್ರದಲ್ಲಿ ಇಷ್ಟು ಅಗ್ಗದ, ಇಷ್ಟು ಚೆಂದದ ಯುಕ್ತಿಗಳು ಹೆಚ್ಚಿಲ್ಲ.

ಹೀಗೆ ಸಿಕ್ಕ ಒಂದೊಂದು ಜೀನಿಗೂ ಹೆಸರಿಟ್ಟರು: ಆರ್ಜಿನಿನ್‌ನವು ಆರ್ಗ್-ಎ, ಆರ್ಗ್-ಬಿ, ಗ್ಲೈಸಿನ್‌ನದು ಗ್ಲೈ-ಎ. ಹೆಸರಿನ ಹಿಂದಿನ ಕಿಣ್ವವನ್ನು ಕೈಗೆ ಹಿಡಿಯಲು ಮಾತ್ರ ವರ್ಷಗಳೇ ಬೇಕಾಗುತ್ತಿದ್ದವು.

ಅಕ್ಷರಗಳು ಬಂದದ್ದು ಇನ್ನೊಂದು ದಾರಿಯಿಂದ. ಐವತ್ತರ ದಶಕದಲ್ಲಿ ಸ್ಯಾಂಗರ್ ಇನ್ಸುಲಿನ್‌ನ ಅಮೈನೋ ಆಮ್ಲಗಳ ಕ್ರಮವನ್ನು ಓದಿದರು. 1965ರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ಅಲ್ಲಿಯವರೆಗೆ ಗೊತ್ತಿದ್ದ 65 ಪ್ರೋಟೀನುಗಳ ಸಾಲುಗಳನ್ನು ಒಂದು ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಕಂಪ್ಯೂಟರ್ ಕಾರ್ಡಿನಲ್ಲಿ ಜಾಗ ಉಳಿಸಲು ಒಂದೊಂದು ಅಮೈನೋ ಆಮ್ಲಕ್ಕೆ ಒಂದೇ ಅಕ್ಷರ ಕೊಟ್ಟವರೂ ಅವರೇ. ಲೈಸಿನ್‌ಗೆ ಎಲ್ ಸಿಗಲಿಲ್ಲ, ಅದನ್ನು ಲ್ಯೂಸಿನ್ ಹಿಡಿದಾಗಿತ್ತು. ಪಕ್ಕದ ಕೆ ಸಿಕ್ಕಿತು. 1970ರಲ್ಲಿ ನೀಡಲ್‌ಮನ್ ಮತ್ತು ವುನ್ಶ್ ಎರಡು ಸಾಲುಗಳನ್ನು ಎಲ್ಲಿ ಎಷ್ಟು ಖಾಲಿ ಜಾಗ ಬಿಟ್ಟು ಹೊಂದಿಸಿದರೆ ಅತಿ ಹೆಚ್ಚು ಅಕ್ಷರ ತಾಳೆಯಾಗುತ್ತವೆ ಎಂಬುದಕ್ಕೆ ಲೆಕ್ಕದ ವಿಧಾನ ಕೊಟ್ಟರು. 1990ರಲ್ಲಿ ಬ್ಲಾಸ್ಟ್ ಎಂಬ ತಂತ್ರಾಂಶ ಬಂದ ಮೇಲೆ, ಇಡೀ ಭಂಡಾರದ ವಿರುದ್ಧ ಒಂದು ಸಾಲನ್ನು ಹೋಲಿಸುವುದು ಸೆಕೆಂಡುಗಳ ಮಾತಾಯಿತು.

ಈ ನಡುವೆ ಬೆಂಗಳೂರಿನಲ್ಲಿ ಎನ್. ಅಪ್ಪಾಜಿ ರಾವ್ ಅವರ ಪ್ರಯೋಗಾಲಯ ಕುರಿಯ ಯಕೃತ್ತಿನ ಒಂದು ಕಿಣ್ವದ ಬೆನ್ನು ಹತ್ತಿತ್ತು. ಅದರ ಹೆಸರು ಸೆರೀನ್ ಹೈಡ್ರಾಕ್ಸಿಮೀಥೈಲ್‌ಟ್ರಾನ್ಸ್‌ಫರೇಸ್. ಸೆರೀನ್‌ನಿಂದ ಒಂದು ಇಂಗಾಲವನ್ನು ಕಿತ್ತು ಗ್ಲೈಸಿನ್ ಮಾಡುವುದು, ಕಿತ್ತ ಇಂಗಾಲವನ್ನು ಫೋಲಿಕ್ ಆಮ್ಲದ ಕೈಗೆ ದಾಟಿಸುವುದು ಇದರ ಕಸುಬು. ಕುರಿಯಲ್ಲಿ ಹೇಗೋ ಇ. ಕೋಲೈಯಲ್ಲೂ ಹಾಗೆಯೇ, ಆ ಬ್ಯಾಕ್ಟೀರಿಯಾಕ್ಕೆ ಗ್ಲೈಸಿನ್ ಸಿಗುವ ಮುಖ್ಯ ದಾರಿಯೇ ಇದು. ಗ್ಲೈ-ಎ ಜೀನಿನ ಅಕ್ಷರಗಳನ್ನು ಅಮೆರಿಕದಲ್ಲಿ 1983ರಲ್ಲೇ ಓದಿ ಮುಗಿಸಿದ್ದರು, ಅದರ ಕಿಣ್ವದಲ್ಲಿ 417 ಅಮೈನೋ ಆಮ್ಲಗಳಿದ್ದವು. ಕುರಿಯ ಕಿಣ್ವವನ್ನು ಬೆಂಗಳೂರಿನವರು ನೇರವಾಗಿ ಪ್ರೋಟೀನಿನಿಂದಲೇ ಓದಿದರು: ಅದನ್ನು ತುಂಡುತುಂಡಾಗಿ ಕತ್ತರಿಸಿ, ತುಂಡುಗಳನ್ನು ಬೇರ್ಪಡಿಸಿ, ತುದಿಯಿಂದ ಒಂದೊಂದೇ ಅಮೈನೋ ಆಮ್ಲವನ್ನು ಕಳಚಿ ಗುರುತು ಹಿಡಿದು, ಮತ್ತೆ ತುಂಡುಗಳ ಕ್ರಮ ಜೋಡಿಸಿ. ಸುಮಾರು 480 ಅಕ್ಷರ. ಆರ್. ಉಷಾ, ಎಚ್.ಎಸ್. ಸಾವಿತ್ರಿ ಮತ್ತು ಅಪ್ಪಾಜಿ ರಾವ್ 1994ರಲ್ಲಿ ಆ ಸಾಲನ್ನೂ ಬೇರೆ ಜೀವಿಗಳ ಇದೇ ಕಿಣ್ವದ ಸಾಲುಗಳೊಡನೆ ಅದರ ನೆಂಟಸ್ತಿಕೆಯನ್ನೂ ಒಟ್ಟಿಗೇ ಪ್ರಕಟಿಸಿದರು.

ಎರಡು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟರೆ ಏನು ಕಾಣುತ್ತದೆ? ಮೊದಲ ಕೆಲವು ಡಜನ್ ಅಕ್ಷರ ಎಲ್ಲೋ ಒಂದೊಂದು ಕೂಡುತ್ತವೆ, ತಪ್ಪುತ್ತವೆ. ಕುರಿಯದು ಉದ್ದವಾದ್ದರಿಂದ ಅಲ್ಲಲ್ಲಿ ಬ್ಯಾಕ್ಟೀರಿಯಾದ ಸಾಲಿನಲ್ಲಿ ಖಾಲಿ ಬಿಡಬೇಕಾಗುತ್ತದೆ. ಅರ್ಧ ದಾರಿ ಬರುವ ಹೊತ್ತಿಗೆ ಒಮ್ಮೆಲೆ ವಿ, ವಿ, ಟಿ, ಟಿ, ಟಿ, ಟಿ, ಎಚ್, ಕೆ, ಟಿ, ಎಲ್ ಎಂದು ಹತ್ತು ಅಕ್ಷರ ಎರಡರಲ್ಲೂ ಚಾಚೂ ತಪ್ಪದೆ ಒಂದೇ. ನಡುವೆ ಇರುವ ಆ ಕೆ, ಅಂದರೆ ಲೈಸಿನ್, ಬಿ-6 ಜೀವಸತ್ವದಿಂದಾದ ಸಹಕಿಣ್ವವನ್ನು ಹಿಡಿದಿಡುವ ಗೂಟ. ಇ. ಕೋಲೈಯಲ್ಲಿ ಅದು 229ನೆಯ ಸ್ಥಾನ, ಕುರಿಯಲ್ಲಿ 256. ಸ್ಥಾನ ಸರಿದರೂ ನೆರೆಹೊರೆ ಅಲುಗಿಲ್ಲ. ಕುರಿಯ ಮತ್ತು ಬ್ಯಾಕ್ಟೀರಿಯಾದ ವಂಶಗಳು ಕವಲೊಡೆದು ನೂರಾರು ಕೋಟಿ ವರ್ಷಗಳಾಗಿವೆ. ಅಷ್ಟು ಕಾಲದಲ್ಲಿ ಬದಲಾಗದ ಅಕ್ಷರವೆಂದರೆ ಅದನ್ನು ಬದಲಿಸಿದವರು ಬದುಕಲಿಲ್ಲ ಎಂದೇ ಅರ್ಥ. ಮುಂದೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಜೊತೆಗೂಡಿ 2002ರಲ್ಲಿ ಬಿಸಿನೀರಿನ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಇದೇ ಕಿಣ್ವದ ಮೂರು ಆಯಾಮದ ರಚನೆಯೂ ಹೊರಬಂತು.

ಇಷ್ಟಾದ ಮೇಲೆ ಸಾಲು ಹೋಲಿಸಿದರೆ ಎಲ್ಲ ತಿಳಿಯಿತು ಎಂದು ಬೀಗುವವರು ಹುಟ್ಟಿಕೊಳ್ಳುವುದು ಸಹಜ. ಹುಟ್ಟಿಕೊಂಡರು ಕೂಡ. 1997ರಲ್ಲಿ ಇ. ಕೋಲೈಯ ಪೂರ್ತಿ ಜೀನೋಮ್, ಅಂದರೆ ಅದರ ಡಿಎನ್‌ಎಯ 46 ಲಕ್ಷ ಚಿಲ್ಲರೆ ಅಕ್ಷರ, ಓದಿ ಮುಗಿದಾಗ ಪ್ರೋಟೀನ್ ಜೀನುಗಳು 4288 ಎಂದು ಲೆಕ್ಕ ಬಂತು. ಅವುಗಳಲ್ಲಿ ನೂರಕ್ಕೆ 38ರಷ್ಟಕ್ಕೆ ಕೆಲಸವೇನೆಂದು ಹೇಳಲಾಗಲಿಲ್ಲ. ಉಳಿದವುಗಳಲ್ಲೂ ಎಷ್ಟಕ್ಕೋ ಪಟ್ಟಿ ಅಂಟಿದ್ದು ಹೋಲಿಕೆಯ ಆಧಾರದ ಮೇಲೆ ಮಾತ್ರ. ನಮ್ಮ ಬೆಳಗಾವಿ ಸೀಮೆಯ ಅಡ್ಡಹೆಸರುಗಳನ್ನು ನೋಡಿ: ಪಾಟೀಲ, ಕುಲಕರ್ಣಿ, ದೇಸಾಯಿ. ಅಡ್ಡಹೆಸರು ಮನೆತನ ಹೇಳುತ್ತದೆ, ಅಜ್ಜನ ಮುತ್ತಜ್ಜ ಮಾಡುತ್ತಿದ್ದ ಕೆಲಸವನ್ನೂ ಹೇಳುತ್ತದೆ. ಇವತ್ತಿನ ಕುಲಕರ್ಣಿ ಊರಿನ ಲೆಕ್ಕ ಬರೆಯುತ್ತಾನೋ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಾನೋ ಎಂಬುದು ಹೆಸರಿನಿಂದ ಗೊತ್ತಾಗುವುದಿಲ್ಲ.

ಇದಕ್ಕೆ ಥ್ರಿಯೊನಿನ್ ಡಿಅಮಿನೇಸ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಥ್ರಿಯೊನಿನ್‌ನಿಂದ ಅಮೋನಿಯಾ ಕಳಚುವ ಈ ಕಿಣ್ವ ಇ. ಕೋಲೈಯಲ್ಲಿ ಒಂದಲ್ಲ, ಎರಡಿವೆ. ಎರಡೂ ಮಾಡುವ ರಸಾಯನ ಒಂದೇ, ಉದ್ದೇಶ ತದ್ವಿರುದ್ಧ. ಒಂದು ಐಸೊಲ್ಯೂಸಿನ್ ಕಟ್ಟುವ ದಾರಿಯ ಮೊದಲ ಮೆಟ್ಟಿಲು. ಐಸೊಲ್ಯೂಸಿನ್ ಸಾಕಷ್ಟಾದರೆ ಅದೇ ಬಂದು ಈ ಕಿಣ್ವದ ಬಾಯಿ ಮುಚ್ಚಿಸುತ್ತದೆ ಎಂದು ಎಡ್ವಿನ್ ಅಂಬಾರ್ಗರ್ 1956ರಲ್ಲಿ ತೋರಿಸಿದ್ದರು. ಇನ್ನೊಂದು ಆಮ್ಲಜನಕ ಸಿಗದ ಹೊತ್ತಿನಲ್ಲಿ ಥ್ರಿಯೊನಿನ್ ಅನ್ನು ಒಡೆದು ಶಕ್ತಿ ಪಡೆಯುವಂಥದ್ದು. ಸಾಲುಗಳನ್ನು ಹೊಂದಿಸಿದರೆ ಮೊದಲ ಮುನ್ನೂರು ಚಿಲ್ಲರೆ ಅಕ್ಷರಗಳಲ್ಲಿ ನೆಂಟಸ್ತಿಕೆ ಎದ್ದು ಕಾಣುತ್ತದೆ. ಒಡೆಯುವ ಕಿಣ್ವ 329ಕ್ಕೆ ಮುಗಿಯುತ್ತದೆ. ಕಟ್ಟುವ ಕಿಣ್ವ ಮುಂದುವರಿದು 514ರವರೆಗೆ ಹೋಗುತ್ತದೆ. ಆ ಹೆಚ್ಚಿನ ಬಾಲದಲ್ಲೇ ಐಸೊಲ್ಯೂಸಿನ್ ಬಂದು ಕೂರುವ ಜಾಗವಿದೆ. ಹೋಲಿಕೆಯಿಂದ ವಂಶ ಗೊತ್ತಾಯಿತು, ಕೆಲಸ ಗೊತ್ತಾದದ್ದು ಹೋಲದ ಭಾಗದಿಂದ. ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಒಡೆಯುವ ಕಿಣ್ವದ ರಚನೆಯನ್ನು ಬೆಂಗಳೂರಿನ ಸಂಸ್ಥೆಯ ಎಂ.ಆರ್.ಎನ್. ಮೂರ್ತಿ ಮತ್ತು ಸಾವಿತ್ರಿ ಅವರ ತಂಡ 2006ರಲ್ಲಿ ಬಿಡಿಸಿತು. ಸಿಎಂಪಿ ಎಂಬ ಪುಟ್ಟ ಅಣು ಬಂದು ಕೂತಾಗ ಕಿಣ್ವದ ಭಾಗಗಳು ಹೇಗೆ ಒಟ್ಟುಗೂಡಿ ಎಚ್ಚರಗೊಳ್ಳುತ್ತವೆ ಎಂಬುದು ಅದರಲ್ಲಿ ಕಂಡಿತು.

ಮೂರ್ತಿಯವರ ಅಣುಜೀವಭೌತ ಘಟಕವನ್ನು 1971ರಲ್ಲಿ ಕಟ್ಟಿದವರು ಜಿ.ಎನ್. ರಾಮಚಂದ್ರನ್. ಪ್ರೋಟೀನಿನ ಹರಳು ಬೆಳೆಸಿ ಎಕ್ಸ್‌ರೇ ಹಾಯಿಸಿ ರಚನೆ ಕಾಣುವುದು ಅಲ್ಲಿನ ಪರಂಪರೆ. ಜೀವರಸಾಯನ ವಿಭಾಗದ ಸಾವಿತ್ರಿ, ಅಪ್ಪಾಜಿ ರಾವ್ ಜೊತೆಗೆ ಆ ಪರಂಪರೆ ಸೇರಿದ್ದು ಈ ಕಥೆಯ ಅದೃಷ್ಟ ಎನ್ನಬೇಕು. ಸಾಲು ಓದುವವರು, ಹರಳು ಬೆಳೆಸುವವರು, ಟೆಸ್ಟ್‌ಟ್ಯೂಬಿನಲ್ಲಿ ವೇಗ ಅಳೆಯುವವರು ಒಂದೇ ಆವರಣದೊಳಗೆ ಇದ್ದರು.

ಅದರ ಫಲ ಕಾಣುವುದು ಆರ್ಗ್-ಡಿ ಎಂಬ ಜೀನಿನ ಕೆಲಸದಲ್ಲಿ. ಬ್ಯಾಕ್ಟೀರಿಯಾ ಆರ್ಜಿನಿನ್ ಮಾಡಲು ಹೊರಡುವುದು ಗ್ಲುಟಮೇಟ್‌ನಿಂದ. ದಾರಿಯಲ್ಲಿ ಒಂದು ಅಪಾಯವಿದೆ: ನಡುವಿನ ವಸ್ತು ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಉಂಗುರವಾಗಿ ಪ್ರೋಲಿನ್‌ನ ಕಡೆ ಹೊರಟುಬಿಡುತ್ತದೆ. ಹಾಗಾಗದಿರಲು ಬ್ಯಾಕ್ಟೀರಿಯಾ ಅದರ ತುದಿಗೆ ಅಸಿಟೈಲ್ ಎಂಬ ಮುಚ್ಚಳ ಹಾಕುತ್ತದೆ, ಕೆಲಸ ಮುಗಿದ ಮೇಲೆ ತೆಗೆಯುತ್ತದೆ. ಮುಚ್ಚಳ ಹಾಕಿದ ವಸ್ತುವಿಗೆ ಅಮೈನೋ ಗುಂಪು ಜೋಡಿಸುವ ಕಿಣ್ವ ಅಸಿಟೈಲ್‌ಆರ್ನಿಥಿನ್ ಅಮೈನೋಟ್ರಾನ್ಸ್‌ಫರೇಸ್. ಮನುಷ್ಯರಲ್ಲಿ ಮುಚ್ಚಳವಿಲ್ಲದ ಆರ್ನಿಥಿನ್ ಮೇಲೆ ಕೆಲಸ ಮಾಡುವ ಒಂದು ಕಿಣ್ವವಿದೆ, ಎರಡರ ಸಾಲುಗಳೂ ಒಂದೇ ಕುಟುಂಬದವು. ಸಾಲನ್ನಷ್ಟೇ ನೋಡಿದ ಕಂಪ್ಯೂಟರ್ ಒಂದಕ್ಕೆ ಇನ್ನೊಂದರ ಪಟ್ಟಿ ಅಂಟಿಸಿದರೆ ಅಚ್ಚರಿಯಿಲ್ಲ. ಸಾಲ್ಮೊನೆಲ್ಲಾದ ಕಿಣ್ವವನ್ನು ಶುದ್ಧ ಮಾಡಿ ಅಳೆದ ಬೆಂಗಳೂರಿನ ತಂಡ 2008ರಲ್ಲಿ ಅದಕ್ಕೆ ಮುಚ್ಚಳವಿರುವುದರ ಮೇಲೆಯೇ ಹೆಚ್ಚು ಒಲವು ಎಂದು ತೋರಿಸಿ, ರಚನೆಯನ್ನೂ ಕೊಟ್ಟಿತು. ಇದೇ ಕಿಣ್ವ ಇ. ಕೋಲೈಯಲ್ಲಿ ಲೈಸಿನ್ ಕಟ್ಟುವ ದಾರಿಯ ಒಂದು ಮೆಟ್ಟಿಲನ್ನೂ ನಿಭಾಯಿಸುತ್ತದೆ ಎಂದು ಅಮೆರಿಕದಲ್ಲಿ 1999ರಲ್ಲೇ ಕಂಡಿದ್ದರು. ಒಂದು ಹೆಸರು, ಎರಡು ಉದ್ಯೋಗ.

ಲೈಸಿನ್ ಎಂದಾಗ ಒಂದು ಮಾತು. ಬೆಳಗಾವಿ ಜಿಲ್ಲೆಯ ಕೋಳಿ ಫಾರ್ಮುಗಳ ಆಹಾರದ ಚೀಲದ ಮೇಲೆ ಲೈಸಿನ್, ಮೆಥಿಯೊನಿನ್ ಎಂದು ಬರೆದಿರುವುದನ್ನು ಓದಿದವರಿರಬಹುದು. ಜಗತ್ತಿನ ಲೈಸಿನ್ ಬಹುಪಾಲು ಬರುವುದು ಕಾರಿನೆಬ್ಯಾಕ್ಟೀರಿಯಮ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶದಿಂದ. ಐವತ್ತರ ದಶಕದಲ್ಲಿ ಜಪಾನಿನಲ್ಲಿ ಸಿಕ್ಕಿದ್ದು. ಹೊಲದ ಬದುವಿನ ಕಳೆಗೆ ಹೊಡೆಯುವ ಗ್ಲೈಫೋಸೇಟ್ ಕೂಡ ಇದೇ ಸಂಸಾರದ ಸಂಗತಿ. ಫಿನೈಲ್‌ಅಲನಿನ್, ಟೈರೊಸಿನ್, ಟ್ರಿಪ್ಟೊಫ್ಯಾನ್ ಕಟ್ಟುವ ದಾರಿಯ ಒಂದು ಕಿಣ್ವವನ್ನು ಅದು ತಡೆಯುತ್ತದೆ ಎಂದು 1980ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದರು. ಗಿಡಕ್ಕೂ ಬ್ಯಾಕ್ಟೀರಿಯಾಕ್ಕೂ ಆ ಕಿಣ್ವವಿದೆ, ನಮಗಿಲ್ಲ.

ಇನ್ನು ಕೇಸರಿ ಬೇಳೆಯ ಪ್ರಶ್ನೆ. ಡೈಅಮೈನೋಪ್ರೊಪಿಯಾನಿಕ್ ಆಮ್ಲವನ್ನು ಒಡೆಯುವ ಕಿಣ್ವವನ್ನು ಜಪಾನಿನವರು 1988ರಲ್ಲಿ ಸಾಲ್ಮೊನೆಲ್ಲಾದಿಂದ ಶುದ್ಧ ಮಾಡಿ, ಬಿ-6 ಸಹಕಿಣ್ವ ಅಂಟುವ ಜಾಗದ ತುಣುಕು ಸಾಲನ್ನು ಓದಿಟ್ಟಿದ್ದರು. ಇ. ಕೋಲೈ ಜೀನೋಮ್ ಬಂದ ಮೇಲೆ ವೈಜಿಇ-ಎಕ್ಸ್ ಎಂಬ ಅನಾಮಧೇಯ ಜೀನು ಅದೇ ಕುಟುಂಬದ್ದು ಎಂದು ಕಂಡಿತು. ಅದು ಸಾಲು ಕೊಟ್ಟ ಸುಳಿವು ಅಷ್ಟೇ. ಸಾವಿತ್ರಿ, ಅಪ್ಪಾಜಿ ರಾವ್ ಅವರ ತಂಡ ಇ. ಕೋಲೈ ಮತ್ತು ಸಾಲ್ಮೊನೆಲ್ಲಾ ಎರಡರ ಜೀನನ್ನೂ ತೆಗೆದು, ಪ್ರೋಟೀನನ್ನು ಧಾರಾಳವಾಗಿ ಉತ್ಪಾದಿಸಿ, ಅದಕ್ಕೆ ನಿಜವಾಗಿಯೂ ಡೈಅಮೈನೋಪ್ರೊಪಿಯಾನಿಕ್ ಆಮ್ಲ ಕೊಟ್ಟು ನೋಡಿತು. ಪೈರುವೇಟ್ ಮತ್ತು ಅಮೋನಿಯಾ ಹೊರಬಂದವು. 2003ರಲ್ಲಿ ಅದು ಪ್ರಕಟವಾಯಿತು. ಸಾಲು ಹೇಳದ ಒಂದು ವಿಶೇಷವೂ ಇತ್ತು: ಬಹುತೇಕ ಕಿಣ್ವಗಳು ಅಣುವಿನ ಎಡಗೈ ರೂಪ, ಬಲಗೈ ರೂಪಗಳಲ್ಲಿ ಒಂದನ್ನೇ ಮುಟ್ಟುತ್ತವೆ, ಇದು ಎರಡನ್ನೂ ಒಡೆಯುತ್ತದೆ. ಹೇಗೆ ಎಂಬುದಕ್ಕೆ 2012ರವರೆಗೆ ಕಾಯಬೇಕಾಯಿತು. ಆ ವರ್ಷ ಮೂರ್ತಿಯವರ ತಂಡ 2 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ರಚನೆಯನ್ನು ಬಿಡಿಸಿ, 77ನೆಯ ಲೈಸಿನ್ ಮತ್ತು 120ನೆಯ ಆಸ್ಪಾರ್ಟೇಟ್ ಎಂಬ ಇಬ್ಬರು ಈ ಕೆಲಸ ಹಂಚಿಕೊಳ್ಳುತ್ತಾರೆ ಎಂಬ ವಿವರಣೆ ಕೊಟ್ಟಿತು. ಕಿಣ್ವದ ಒಟ್ಟು ಆಕಾರ ಥ್ರಿಯೊನಿನ್ ಡಿಅಮಿನೇಸ್‌ಗಳ ವರ್ಗದ್ದೇ.

ಸಾಲು ತೋರದೆ ಇದ್ದರೆ ಕೆಲಸವೇ ಇಲ್ಲ ಎಂದು ಹೇಳುವುದೂ ತಪ್ಪು. 1996ರಲ್ಲಿ ಸಮುದ್ರತಳದ ಬಿಸಿ ಬುಗ್ಗೆಯ ಮೆಥನೊಕಾಕಸ್ ಎಂಬ ಜೀವಿಯ ಜೀನೋಮ್ ಓದಿದಾಗ, ಟ್ರಿಪ್ಟೊಫ್ಯಾನ್‌ಗೆ ಹೋಗುವ ದಾರಿಯ ಮೊದಲೆರಡು ಕಿಣ್ವಗಳನ್ನು ಹೋಲುವ ಸಾಲೇ ಸಿಗಲಿಲ್ಲ. ಜೀವಿ ಮಾತ್ರ ಬದುಕಿತ್ತು. ಅದು ಹಿಡಿದಿದ್ದು ಬೇರೆಯೇ ದಾರಿ ಎಂದು ಅಮೆರಿಕದ ರಾಬರ್ಟ್ ವೈಟ್ 2004ರಲ್ಲಿ ತೋರಿಸಿಕೊಟ್ಟರು.

ಹೋಲಿಕೆ ಮಸುಕಾದಷ್ಟೂ ಅದನ್ನು ಹಿಡಿಯುವ ಜಾಣತನ ಬೇಕು. ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆಯ ಎನ್. ಶ್ರೀನಿವಾಸನ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆರ್. ಸೌಧಾಮಿನಿ ದೂರದ ನೆಂಟರನ್ನು ಗುರುತಿಸುವ ವಿಧಾನಗಳಲ್ಲೇ ದಶಕಗಳ ಕಾಲ ದುಡಿದರು. ಶ್ರೀನಿವಾಸನ್ 2021ರಲ್ಲಿ ತೀರಿಕೊಂಡರು. ಕ್ಷಯದ ಬ್ಯಾಕ್ಟೀರಿಯಾದ ಜೀನೋಮ್ 1998ರಲ್ಲಿ ಬಂದಿತ್ತು; ಅದೂ ಇಪ್ಪತ್ತು ಅಮೈನೋ ಆಮ್ಲಗಳನ್ನು ತಾನೇ ಮಾಡಿಕೊಳ್ಳುವ ಸ್ವಾವಲಂಬಿ. ಅದರ ಸುಮಾರು 4000 ಪ್ರೋಟೀನುಗಳನ್ನು ಮನುಷ್ಯರ ಪ್ರೋಟೀನುಗಳೊಡನೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೊಡನೆ ಹೋಲಿಸಿ, ನಮ್ಮನ್ನು ಹೋಲದವನ್ನು ಮಾತ್ರ ಉಳಿಸಿಕೊಂಡು ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ ಅವರ ತಂಡ 2008ರಲ್ಲಿ 451 ಔಷಧ ಗುರಿಗಳ ಪಟ್ಟಿ ಮಾಡಿತು. ಇಲ್ಲಿ ಬೇಕಿದ್ದದ್ದು ಹೋಲಿಕೆಯಲ್ಲ, ಹೋಲದಿರುವುದು.

ಈಗ ಭಂಡಾರಗಳಲ್ಲಿ ಕೋಟಿಗಟ್ಟಲೆ ಸಾಲುಗಳಿವೆ. ಬಹುಪಾಲಿನ ಹೆಸರುಗಳನ್ನು ಯಂತ್ರ ಇನ್ನೊಂದು ಸಾಲಿನಿಂದ ನಕಲು ಮಾಡಿಕೊಂಡಿದೆ, ಆ ಇನ್ನೊಂದೂ ಮತ್ತೊಂದರಿಂದ ನಕಲು. ಮೂಲದಲ್ಲಿ ಯಾರೋ ಒಬ್ಬರು ಕಿಣ್ವವನ್ನು ಕೈಯಲ್ಲಿ ಹಿಡಿದು ಅಳೆದಿದ್ದರೆ ಸರಿ, ಇಲ್ಲದಿದ್ದರೆ ತಪ್ಪೇ ಸಾವಿರ ಸಲ ಅಚ್ಚಾಗುತ್ತದೆ. ಸಾಲಿನ ಸುಳಿವನ್ನು ನಂಬಿ ಹೊರಟು ಪ್ರಯೋಗದ ಮೇಜಿಗೆ ಬಂದು ನಿಂತದ್ದರಿಂದಲೇ ಬೆಂಗಳೂರಿನವರ ಹೆಸರಿಡುವಿಕೆ ಇವತ್ತಿಗೂ ನಿಂತಿದೆ ಎಂದು ನನ್ನ ಎಣಿಕೆ.

ಆ ಸಾಲುಗಳೂ ರಚನೆಗಳೂ ಇಂದು ಯಾರಿಗಾದರೂ ಉಚಿತ. ಬೆಳಗಾವಿಯಲ್ಲೇ ಐಸಿಎಂಆರ್‌ನ ಸಂಶೋಧನಾ ಸಂಸ್ಥೆ 2006ರಿಂದ ಇದೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಿಂದ. ಖಾನಾಪುರ ತಾಲ್ಲೂಕಿನ ಪದವಿಪೂರ್ವ ಕಾಲೇಜುಗಳಲ್ಲಿ ಜೀವಶಾಸ್ತ್ರ ಕಲಿಸುವವರು ವರ್ಷದ ಒಂದು ಪ್ರಾಯೋಗಿಕ ತರಗತಿಯನ್ನು ಇದಕ್ಕೆ ಕೊಡಲಿ. ಮೊಬೈಲಿನಲ್ಲೇ ಇ. ಕೋಲೈಯ ಗ್ಲೈ-ಎ ಸಾಲನ್ನು ಬ್ಲಾಸ್ಟ್‌ಗೆ ಹಾಕಿ, ಮನುಷ್ಯರ ಸಾಲಿನ ಜೊತೆ ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ ಎಂದು ಮಕ್ಕಳೇ ಬೆರಳಿಟ್ಟು ನೋಡಲಿ. ಅದಕ್ಕೆ ಶುಲ್ಕವಿಲ್ಲ, ಪ್ರಯೋಗಾಲಯವೂ ಬೇಕಿಲ್ಲ.